ಬಚ್ಚಲಮನೆ ಪಂಡಿತರು

ಚನ್ನರಾಯಪಟ್ಟಣದ ಚಲುವನಾರಾಯಣ ಅವರಿಗೆ ಹೊಟ್ಟೆ ಕೆಟ್ಟಿದೆ ಎಂಬ ಸುದ್ದಿ ಹೊಳೆನರಸೀಪುರ ದಾಟಿ ಅರಕಲಗೂಡಿನ ನೆಂಟರನ್ನು ಮುಟ್ಟಿದ ಹೊತ್ತಿನಲ್ಲಿ ಅವರ ಹೊಟ್ಟೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿಯೇ ಇತ್ತು. ಕೆಟ್ಟಿದ್ದು ಹೊಟ್ಟೆಯಲ್ಲ, ಅವರು ಮಾಡಿದ ಒಂದು ಭಾಷಣ. ಆದರೆ ಭಾಷಣ ಕೆಟ್ಟರೆ ಯಾರೂ ಮೂಸಂಬಿ ತೆಗೆದುಕೊಂಡು ನೋಡಲು ಬರುವುದಿಲ್ಲ.

ಚಲುವನಾರಾಯಣ ಊರಿನ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದು ನಿವೃತ್ತರಾದವರು. ಇಷ್ಟು ವರ್ಷ ಪುಸ್ತಕಗಳ ನಡುವೆ ಕೂತವರು ಅಷ್ಟನ್ನೂ ಓದಿಯೇ ಇರಬೇಕೆಂದು ಬೀದಿಯವರು ತಾವೇ ತೀರ್ಮಾನಿಸಿ ಅವರನ್ನು 'ಮೇಷ್ಟ್ರೇ' ಎಂದು ಕರೆಯುತ್ತಿದ್ದರು. ಅವರು ಓದಿದ್ದು ಬಹುಮಟ್ಟಿಗೆ ಪುಸ್ತಕದ ಬೆನ್ನಿನ ಮೇಲಿನ ಹೆಸರು. ಆದರೆ ಬೇಡವೆಂದರೂ ಬಂದ ಗೌರವವನ್ನು ಯಾರು ತಾನೇ ವಾಪಸು ಕಳಿಸುತ್ತಾರೆ? ಯಾರಾದರೂ ಏನಾದರೂ ಕೇಳಿದರೆ, "ಅದು ದೊಡ್ಡ ವಿಷಯ" ಎಂದು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ನಿಧಾನವಾಗಿ ಒರೆಸುವರು. ಒರೆಸಿ ಮುಗಿಯುವಷ್ಟರಲ್ಲಿ ಕೇಳಿದವರಿಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಕನ್ನಡಕ ಒಂದರಿಂದಲೇ ಅವರು ಪಾಂಡಿತ್ಯದ ಸಂಸಾರವನ್ನು ಇಲ್ಲಿಯತನಕ ತೂಗಿಸಿಕೊಂಡು ಬಂದಿದ್ದರು.

ಮೊಮ್ಮಗಳು ಅನ್ವಿತಾ ಮಾತ್ರ ಈ ಉಪಾಯಕ್ಕೆ ಜಗ್ಗಲಿಲ್ಲ. ಐದು ವರ್ಷದ ಮಗುವಿಗೆ ನೆನಪಾಗಲು ಬೇರೆ ಕೆಲಸವೇ ಇರುವುದಿಲ್ಲ. ಅವಳು ಕನ್ನಡಕ ಒರೆಸಿ ಮುಗಿಯುವ ತನಕ ಕಾಯುತ್ತಿದ್ದಳು. ಒಮ್ಮೊಮ್ಮೆ "ಇಲ್ಲಿ ಇನ್ನೂ ಸ್ವಲ್ಪ ಇದೆ ತಾತ" ಎಂದು ಬೆರಳಿಟ್ಟು ತೋರಿಸಿ, ಒರೆಸಿದ ಮೇಲೆ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದಳು.

ಸೊಸೆ ಕವನಾ ಹಾಸನದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದವಳು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಮಗ ಸುದರ್ಶನ್ ಊರಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಹಗಲು ಮಗು ಅಜ್ಜ ಅಜ್ಜಿಯ ಪಾಲು. ಕವನಾ ಹಾಕಿದ್ದ ನಿಯಮ ಒಂದೇ: ಮಗುವಿನ ಕೈಗೆ ಫೋನು ಕೊಡಬಾರದು, ಮಗುವಿನ ಎದುರು ಫೋನಿನೊಡನೆ ಮಾತಾಡಲೂಬಾರದು.

ಹೀಗಿರುವಾಗ ಅನ್ವಿತಾಳ ಶಿಶುವಿಹಾರದಲ್ಲಿ ಪೋಷಕರ ಸಭೆ ನಡೆಯಿತು. ವಿಷಯ: 'ಎಐ ಮತ್ತು ನಮ್ಮ ಮಕ್ಕಳು'. ಮೇಘಶ್ರೀ ಮಿಸ್ ಬಹಳ ಮೆದುವಾದ ಹುಡುಗಿ. "ನಿಮ್ಮ ಅನುಭವ ಹೇಳಿ" ಎಂದಳು. ಒಬ್ಬ ತಾಯಿ, ತನ್ನ ಮಗ ಫೋನಿಗೆ ಗುಡ್‌ನೈಟ್ ಹೇಳುತ್ತಾನೆ, ತನಗೆ ಹೇಳುವುದಿಲ್ಲ ಎಂದು ಕಣ್ಣೊರೆಸಿಕೊಂಡಳು. ಒಬ್ಬ ತಂದೆ ತನ್ನ ಮಗಳ ಹೋಂವರ್ಕ್ ಚಿತ್ರವನ್ನು ಎಐ ಎಷ್ಟು ಚೆನ್ನಾಗಿ ಬರೆದಿದೆ ಎಂದು ಎಲ್ಲರಿಗೂ ತೋರಿಸಿದ. ಆಗ, ಯಾರೂ ಕರೆಯದೆ, ಚಲುವನಾರಾಯಣ ಎದ್ದು ನಿಂತರು. ನಿವೃತ್ತರಾದ ಮೇಲೆ ನಮ್ಮ ವಯಸ್ಸಿನವರಿಗೆ ಮೈಕು ಕಂಡರೆ ಮಂಡಿನೋವು ತಾನಾಗಿ ಮಾಯವಾಗುತ್ತದೆ.

"ಮಗು ಕೇಳೋ ಪ್ರಶ್ನೆಗೆಲ್ಲ ಯಂತ್ರವೇ ಉತ್ತರ ಕೊಡೋ ಹಾಗಿದ್ರೆ ಮನೇಲಿ ತಾತ ಯಾಕಿರ್ಬೇಕು? ಗೋಡೆಗೆ ಆನಿಸಿಡೋಕಾ?" ಎಂದು ಗುಡುಗಿದರು. "ಉತ್ತರ ಕೊಡೋದು ದೊಡ್ಡದಲ್ಲ, ತೊಡೆ ಮೇಲೆ ಕೂರಿಸ್ಕೊಂಡು ಕೊಡೋದು ದೊಡ್ಡದು. ನಮ್ಮನೆ ಮಗು ಇವತ್ತಿನ ತನಕ ಒಂದೇ ಒಂದು ಪ್ರಶ್ನೆಗೆ ಯಂತ್ರದ ಹತ್ರ ಹೋಗಿಲ್ಲ. ಮುಂದೆಯೂ ಹೋಗಲ್ಲ. ನಾನಿದೀನಿ!"

ಚಪ್ಪಾಳೆಯೋ ಚಪ್ಪಾಳೆ. ಪಕ್ಕದ ಮನೆಯ ನಂಜಮ್ಮ, ಮೊಮ್ಮಗಳು ನಿಸರ್ಗಳ ಪರವಾಗಿ ಬಂದವರು, "ಎಂಗ್ ಮಾತಾಡ್ದ್ರು ನೋಡವ್ವ ನಮ್ ಮೇಷ್ಟ್ರು! ತಲೆ ತುಂಬ ಬರೀ ಪುಸ್ತಕವೇ ಕಣ!" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು. ಕವನಾಳ ಮುಖ ಅರಳಿತ್ತು. "ನಮ್ಮನೇಲಿ ಮಾವನೇ ಎಐ" ಎಂದಳು ಎಲ್ಲರೆದುರು. ಆ ಒಂದು ಮಾತಿಗೆ ಚಲುವನಾರಾಯಣ ಅಂದು ಸಂಜೆ ಎರಡು ಲೋಟ ಕಾಫಿ ಹೆಚ್ಚಿಗೆ ಕುಡಿದರು. ಅವರ ಪಾಲಿನ ಕೊನೆಯ ನೆಮ್ಮದಿಯ ಕಾಫಿ ಅದೇ ಎಂದು ಗೊತ್ತಿದ್ದರೆ ಇನ್ನೊಂದು ಕುಡಿಯುತ್ತಿದ್ದರು.

ಮರುದಿನ ಬೆಳಿಗ್ಗೆ ನುಗ್ಗೇಹಳ್ಳಿಯಿಂದ ಯಾರೋ ತಂದುಕೊಟ್ಟಿದ್ದ ಎಳನೀರನ್ನು ಹೆಂಡತಿ ಸರಸಮ್ಮ ಕೊಚ್ಚಿ ಮೊಮ್ಮಗಳ ಕೈಗಿಟ್ಟರು. ಮಗು ಒಳಗೆ ಇಣುಕಿತು.

"ತಾತ, ಇದ್ರೊಳಗೆ ನೀರು ಯಾರು ಹಾಕಿದ್ದು?"

ಕನ್ನಡಕ ಹೊರಬಂತು.

"ಅದು ದೊಡ್ಡ ವಿಷಯ."

"ಪರವಾಗಿಲ್ಲ, ದೊಡ್ಡದೇ ಹೇಳು."

ಅಡುಗೆಮನೆಯಲ್ಲಿ ಡಬ್ಬಿ ಕಟ್ಟುತ್ತಿದ್ದ ಕವನಾ ಕೈ ನಿಲ್ಲಿಸಿ ನಗುತ್ತ ನೋಡುತ್ತಿದ್ದಳು. ನೆನ್ನೆಯ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಚಲುವನಾರಾಯಣ ಕನ್ನಡಕ ಮತ್ತೆ ಹಾಕಿಕೊಂಡರು. "ಬಂದೆ ಪುಟ್ಟಿ, ಒಂದ್ನಿಮಿಷ" ಎಂದು ಎದ್ದು ಹಿತ್ತಲ ಬಚ್ಚಲಮನೆ ಸೇರಿ ಬಾಗಿಲು ಹಾಕಿಕೊಂಡರು. ಸುಮ್ಮನೆ ತಪ್ಪಿಸಿಕೊಳ್ಳಲು ಹೋದದ್ದು, ಅಷ್ಟೇ. ಆದರೆ ಅಂಗಿ ಜೇಬಿನಲ್ಲಿ ಫೋನಿತ್ತು. ಆ ಹೊಸ ಫೋನಿನಲ್ಲಿ, ಒಂದು ಗುಂಡಿ ಒತ್ತಿದರೆ ಕನ್ನಡದಲ್ಲೇ ಮಾತಾಡುವ ಎಐ ಕೂತಿತ್ತು.

ಅವರು ನಲ್ಲಿ ತಿರುಗಿಸಿದರು, ಸದ್ದು ಆಚೆ ಹೋಗದಿರಲೆಂದು. ಫೋನನ್ನು ಬಾಯಿಗೆ ಹಿಡಿದು ಪಿಸುಗುಟ್ಟಿದರು. "ನೋಡಮ್ಮ, ಎಳನೀರೊಳಗೆ ನೀರು ಹೇಗೆ ಬರುತ್ತೆ? ಮಗು ಕೇಳ್ತಿದೆ. ಬೇಗ ಹೇಳ್ಬಿಡು ತಾಯಿ."

"ಖಂಡಿತ! ಇದೊಂದು ಅದ್ಭುತವಾದ ಪ್ರಶ್ನೆ" ಎಂದಿತು ಒಂದು ಇಂಪಾದ ಹೆಣ್ಣುದನಿ.

ಚಲುವನಾರಾಯಣ ಒಂದು ಗಳಿಗೆ ಉತ್ತರವನ್ನೇ ಮರೆತರು. ಮದುವೆಯಾದಾಗಿನಿಂದ ಅವರ ಯಾವ ಪ್ರಶ್ನೆಯನ್ನೂ ಸರಸಮ್ಮ ಅದ್ಭುತ ಎಂದಿರಲಿಲ್ಲ. "ಉಪ್ಪಿನಕಾಯಿ ಎಲ್ಲಿದೆ?" ಎಂಬುದಕ್ಕೆ "ಕಣ್ಣಿದೆಯಲ್ಲ" ಎಂಬುದು ರೂಢಿ.

ಬೇರು ನೀರು ಹೀರುವುದು, ಅದು ಕಾಂಡದೊಳಗೆ ಏರುವುದು, ಎಲ್ಲವನ್ನೂ ಕೇಳಿಕೊಂಡು ಅವರು ಹೊರಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಸದಾಗಿ ತಮಗೇ ಹೊಳೆದಂತೆ ಹೇಳಿದರು. ಕವನಾ ಬಸ್ಸಿಗೆ ಹೊರಡುವಾಗ, "ಮಾವ, ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ" ಎಂದಳು. ಅವರಿಗೆ ಆ ಕ್ಷಣ ನಿಜ ಹೇಳಿಬಿಡೋಣ ಎನಿಸಿತ್ತು. ಆದರೆ ಅವಳ ಮುಖ ನೋಡಿ ಸುಮ್ಮನಾದರು. ಬಸ್ಸು ಬೇರೆ ಬಂದುಬಿಡುತ್ತಿತ್ತು.

ಹಾಗೆ ಶುರುವಾಯಿತು. ಗೊಮ್ಮಟನ ಕಾಲಿಗೆ ಹಬ್ಬಿರುವ ಬಳ್ಳಿಗೆ ಯಾರು ನೀರು ಹಾಕುತ್ತಾರೆ? ತಾತ ಬಚ್ಚಲಿಗೆ. ಹಲ್ಲಿ ತಲೆಕೆಳಗಾಗಿ ನಡೆದರೆ ಅದರ ಹೊಟ್ಟೆಯಲ್ಲಿರೋ ನೊಣ ಬಾಯಿಂದ ಬೀಳುವುದಿಲ್ಲವೆ? ತಾತ ಬಚ್ಚಲಿಗೆ. ರಾಗಿ ಮುದ್ದೆ ಕಪ್ಪಗಿದ್ದರೂ ತಿಂದವರು ಯಾಕೆ ಬೆಳ್ಳಗಿದ್ದಾರೆ? ತಾತ ಓಡಿದರು. ಬಳ್ಳಿಯ ವಿಷಯಕ್ಕೆ ಮಾತ್ರ ಎಐ, ವಾರಕ್ಕೆ ಎರಡು ಸಲ ನೀರುಣಿಸುವುದು ಸೂಕ್ತ ಎಂದು ಹೇಳಿ, ಅದು ಕಲ್ಲಿನ ಬಳ್ಳಿ ಎಂದು ಅವರು ವಿವರಿಸುವ ತನಕ ಗೊಬ್ಬರದ ಬಗ್ಗೆಯೂ ತಿಳಿಸುತ್ತಿತ್ತು.

ಎಷ್ಟೇ ಇಂಪಾದ ದನಿಯಿದ್ದರೂ ಎಐಗೆ ಬಚ್ಚಲಮನೆಯ ಗೋಡೆ ಎಷ್ಟು ದಪ್ಪವೆಂದು ತಿಳಿಯದು. ಆ ಗೋಡೆಯ ಆಚೆ ನಂಜಮ್ಮನ ಪಾತ್ರೆ ತೊಳೆಯುವ ಕಲ್ಲು. ಎಐನ ಮಾತು ನಲ್ಲಿಯ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು, ಆದರೆ ಚಲುವನಾರಾಯಣರ ಬೇಡಿಕೆ ಕಿಂಡಿಯಿಂದ ಆಚೆ ಬರುತ್ತಿತ್ತು. ಮೂರನೇ ದಿನ ನಂಜಮ್ಮ ಸೆರಗಿಗೆ ಕೈಯೊರೆಸುತ್ತ ನೇರವಾಗಿ ಸರಸಮ್ಮನ ಅಡುಗೆಮನೆಗೆ ಬಂದರು.

"ಸರಸಮ್ನೋರೇ, ನೀವು ಯೋಳ್ದಿದ್ರೂ ನಂಗೊತ್ತಾಗೋಯ್ತು ಕಣ್ರವ್ವ. ಮೇಷ್ಟ್ರಿಗೆ ಒಟ್ಟೆ ಸರೀಗಿಲ್ಲ ತಾನೇ?"

"ನಾನೂ ನೋಡ್ತಿದೀನಿ ನಂಜಮ್ಮ. ಕೂತಿರ್ತಾರೆ, ತಟಕ್ಕನೆ ಎದ್ದು ಓಡ್ತಾರೆ. ಕೇಳಿದ್ರೆ ಏನೂ ಇಲ್ಲ ಅಂತಾರೆ."

"ಏನೂ ಇಲ್ವಾ? 'ತಾಯೀ, ಬೇಗ, ಬೇಗ, ಕಾಪಾಡಮ್ಮ' ಅಂತ ಗೋಳಾಡ್ತಾವ್ರೆ ಒಳಗೆ! ನಂಗೆ ಕೈಲಿದ್ದ ತಪ್ಲೆ ಬಿದ್ದೋಯ್ತು. ಗಂಡಸ್ರು ಇಂಗೇ ಕಣ್ರವ್ವ, ಪ್ರಾಣ ಓಯ್ತಿದ್ರೂ ಬಾಯ್ಬುಡಕಿಲ್ಲ."

ಅಂದಿನಿಂದ ಕಾಫಿ ಬಂದ್. ವಡೆ ಬಂದ್. ಹಸಿಮೆಣಸಿನಕಾಯಿ ಮನೆಯಿಂದಲೇ ಗಡಿಪಾರು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಮೆಂತ್ಯದ ಮಜ್ಜಿಗೆ, ಸಂಜೆ ದಾಳಿಂಬೆ ಸಿಪ್ಪೆಯ ಕಷಾಯ. ಚಲುವನಾರಾಯಣ, "ನಂಗೇನಾಗಿದೆ?" ಎಂದು ಕೂಗಾಡಲು ಬಾಯಿ ತೆರೆದರು. ಆದರೆ ಏನೂ ಆಗಿಲ್ಲವೆಂದರೆ ಬಚ್ಚಲಿಗೆ ಯಾಕೆ ಹೋಗುತ್ತೀರಿ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಎಐ ಬಳಿಯೂ ಇರಲಿಲ್ಲ. ಅವರು ತೂಗಿ ನೋಡಿದರು: ಒಂದು ಕಡೆ ಕಾಯಿಲೆಯವರು, ಇನ್ನೊಂದು ಕಡೆ ತಿಳಿಯದವರು. ಬಾಯಿ ಮುಚ್ಚಿ ಕಷಾಯ ಕುಡಿದರು.

ನಮ್ಮ ಕಡೆ ಒಂದು ಪದ್ಧತಿಯಿದೆ. ಯಾರ ಮನೆಗಾದರೂ ಬ್ರೆಡ್ಡು ಬಂತೆಂದರೆ ಒಳಗೆ ಯಾರೋ ಮಲಗಿದ್ದಾರೆ ಎಂದರ್ಥ. ಚೆನ್ನಾಗಿರುವವರಿಗೆ ಯಾರೂ ಬ್ರೆಡ್ಡು ಕೊಡುವುದಿಲ್ಲ. ಮೊದಲ ಬ್ರೆಡ್ಡು ನಂಜಮ್ಮನ ಮನೆಯಿಂದ ಬಂತು. ಎರಡನೆಯದು ಎದುರು ಮನೆಯಿಂದ. ಹೊಳೆನರಸೀಪುರದಿಂದ ಸರಸಮ್ಮನ ಅಣ್ಣ ಎರಡು ಬ್ರೆಡ್ಡು, ಒಂದು ಚೀಲ ಮೂಸಂಬಿ ಹಿಡಿದು ಬಂದರು. ಭಾವನವರ ಎದುರು ಕೂತು ಒಂದೊಂದಾಗಿ ಲಕ್ಷಣಗಳನ್ನು ವಿಚಾರಿಸುತ್ತಿದ್ದಾಗ ಅನ್ವಿತಾ ಓಡಿಬಂದು, "ತಾತ, ಬ್ರೆಡ್ಡಿಗೆ ತೂತು ಯಾರು ಮಾಡಿದ್ದು?" ಎಂದಳು.

ಚಲುವನಾರಾಯಣ ಎದ್ದರು.

"ನೋಡು, ನೋಡು" ಎಂದು ಅಣ್ಣ ತಂಗಿಯ ಕಿವಿಯಲ್ಲಿ ಉಸುರಿದರು. "ನನ್ನೆದುರಿಗೇ ಆಯ್ತಲ್ಲ! ಇದು ಬರೀ ಹೊಟ್ಟೆ ಅಲ್ಲ ಸರಸ. ನಮ್ಮ ಬೀಗರಿಗೂ ಹೀಗೇ ಶುರುವಾಗಿದ್ದು."

"ಅವ್ರಿಗೇನಾಯ್ತು ಆಮೇಲೆ?"

ಅಣ್ಣ ಮಗುವಿನ ಕಡೆ ನೋಡಿ, ಮಾತು ನುಂಗಿ, ತಲೆ ಮಾತ್ರ ಅಲ್ಲಾಡಿಸಿದರು. ಮಗು ಅದನ್ನು ನೋಡಿತು. ದೊಡ್ಡವರು ಮಾತು ನುಂಗಿದಾಗಲೇ ಮಕ್ಕಳಿಗೆ ಚೆನ್ನಾಗಿ ಕೇಳಿಸುವುದು.

ಇಷ್ಟರಲ್ಲಿ ಶಿಶುವಿಹಾರದಿಂದ ಫೋನು ಬಂತು. ಗಂಡನ ಪಕ್ಕದಲ್ಲೇ ಕೂತಿದ್ದ ಸರಸಮ್ಮ ಎತ್ತಿದರು. ಮೇಘಶ್ರೀ ಮಿಸ್ ಬಹಳ ಸಂಕೋಚದಿಂದ, "ಅಮ್ಮಾ, ಅನ್ವಿತಾಗೂ ಹೊಟ್ಟೆ ಸರಿಯಿಲ್ವಾ?" ಎಂದಳು.

"ಯಾಕಮ್ಮ?"

"ನಾನು ಏನು ಪ್ರಶ್ನೆ ಕೇಳಿದ್ರೂ 'ಬಂದೆ ಮಿಸ್, ಒಂದ್ನಿಮಿಷ' ಅಂತ ಟಾಯ್ಲೆಟ್ಟಿಗೆ ಹೋಗ್ತಾಳೆ. ವಾಪಸ್ ಬಂದು ಉತ್ತರ ಹೇಳ್ತಾಳೆ. ಈಗ ನಿಸರ್ಗನೂ ಹಾಗೇ ಮಾಡ್ತಾಳೆ. ಇವತ್ತಂತೂ ಐದರ ಮುಂದೆ ಎಷ್ಟು ಅಂತ ಕೇಳಿದೆ, ಅರ್ಧ ಕ್ಲಾಸು ಎದ್ದು ಹೋಯ್ತು."

ವಿದ್ಯೆ ಬರುವುದು ಬಚ್ಚಲಮನೆಯಿಂದ ಎಂದು ತಮ್ಮ ಮೊಮ್ಮಗಳು ಕಲಿತಿದ್ದಾಳೆಂದು ಚಲುವನಾರಾಯಣರಿಗೆ ಆ ಕ್ಷಣವೇ ಹೊಳೆಯಿತು. ಬೀದಿಗೆ ಹೊಳೆದದ್ದು ಬೇರೆ. ತಾತನಿಗೂ ಆಗಿದೆ, ಮೊಮ್ಮಗಳಿಗೂ ಆಗಿದೆ, ಪಕ್ಕದ ಮನೆಯ ಮಗುವಿಗೂ ಆಗಿದೆ. ಅಂದಮೇಲೆ ನೀರು!

ಬೀದಿಗೆ ನೀರು ಬಿಡುವ ಚೆನ್ನಯ್ಯನನ್ನು ನಂಜಮ್ಮ ಅಡ್ಡಗಟ್ಟಿದರು. "ಏನ್ಲಾ ಚೆನ್ನಯ್ಯ, ಏನ್ ನೀರ್ಲಾ ಬುಡ್ತಿದ್ದೀಯಾ? ಮೇಷ್ಟ್ರು ಕರುಳು ಕಿತ್ತುಕೊಂಡು ಬೀಳ್ತಾವ್ರೆ, ಕೂಸುಗಳು ಒಂದೇ ಸಮ ಓಡ್ತಾವೆ!"

"ಯಾರ್ ಅಂದೋರು? ಎಲ್ಲಿ ಚೊಂಬು ತನ್ನಿ ಇಲ್ಲಿ" ಎಂದ ಚೆನ್ನಯ್ಯನಿಗೆ ರೋಷ ಉಕ್ಕಿತು. ಬೀದಿಯವರೆಲ್ಲರ ಎದುರು ಮೇಷ್ಟ್ರ ಮನೆಯ ನಲ್ಲಿಯಿಂದಲೇ ಒಂದು ಚೊಂಬು ನೀರು ಹಿಡಿದು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಜಗುಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. "ಸಂಜೆಗಂಟ ಇಲ್ಲೇ ಕುಂತಿರ್ತೀನಿ. ನಂಗೇನಾದ್ರೂ ಆದ್ರೆ ಕೇಳಿ." ಸರಸಮ್ಮ ಅವನಿಗೆ ಊಟ ಹಾಕಿದರು, ಸಂಜೆ ಕಾಫಿ ಕೊಟ್ಟರು. ಚೆನ್ನಯ್ಯನಿಗೆ ಏನೂ ಆಗಲಿಲ್ಲ. ಆ ಮನೆಯಲ್ಲಿ ಕಾಫಿ ಸಿಕ್ಕಿದ್ದು ಅವನಿಗೊಬ್ಬನಿಗೇ ಎಂಬ ಸಂಕಟದಿಂದ ಚಲುವನಾರಾಯಣ ಅವನ ಲೋಟವನ್ನೇ ನೋಡುತ್ತ ಕೂತಿದ್ದರು. ಅವನು ಅದನ್ನು ಗಮನಿಸಿದ. ಹೊರಡುವಾಗ ಬಗ್ಗಿ, "ಎದೆಗುಂದಬ್ಯಾಡಿ ಸಾ. ನಾಳಿಂದ ನಿಮ್ ಮನೆಗೆ ಒಸಿ ಜಾಸ್ತಿ ಒತ್ತು ಬುಡ್ತೀನಿ, ನಿಮ್ಗೆ ನೀರು ಜಾಸ್ತಿ ಬೇಕಲ್ಲ" ಎಂದು ಮೆಲ್ಲಗೆ ಹೇಳಿದ. ಇಂಥ ಕರುಣೆಯ ಮುಂದೆ ನಿಜ ಹೇಳುವುದು ಹೇಗೆ?

ಸುದರ್ಶನ್ ಅಂಗಡಿಗೆ ಬೀಗ ಹಾಕಿ ತಂದೆಯನ್ನು ಹಾಸನದ ಒಬ್ಬ ದೊಡ್ಡ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಅವರು ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು, ಹೊಟ್ಟೆಯನ್ನು ಮೃದಂಗದ ಹಾಗೆ ಬಡಿದು ನೋಡಿದರು. "ಏನೂ ಇಲ್ಲ. ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಹೊಟ್ಟೆ ನಾನು ನೋಡೇ ಇಲ್ಲ" ಎಂದರು.

ಮನೆಯಲ್ಲಿ ಇದರಿಂದ ದೊಡ್ಡ ದಿಗಿಲಾಯಿತು.

"ಏನೂ ಇಲ್ಲ ಅಂದ್ರಾ?" ಎಂದರು ಹೊಳೆನರಸೀಪುರದ ಅಣ್ಣ ಫೋನಿನಲ್ಲಿ. "ಹಾಗಾದ್ರೆ ಏನೋ ದೊಡ್ಡದೇ ಇರ್ಬೇಕು. ಸಣ್ಣದಾಗಿದ್ರೆ ಹೇಳಿರೋರು." ಸುದ್ದಿ ಅರಕಲಗೂಡಿಗೆ ಹೋಯಿತು. ಮರುದಿನದ ಬಸ್ಸಿಗೇ ಅಲ್ಲಿಂದ ಮೂರು ಬ್ರೆಡ್ಡು ಬಂತು.

ಆಗಲೇ ಮೇಘಶ್ರೀ ಮಿಸ್ ಕರೆಯಲು ಮನೆಗೆ ಬಂದಳು. ಅಂದಿನ ಭಾಷಣ ಎಲ್ಲರಿಗೂ ಹಿಡಿಸಿದೆಯಂತೆ. ಶನಿವಾರ ಶಿಶುವಿಹಾರದಲ್ಲಿ 'ತಾತನನ್ನು ಕೇಳು' ಎಂಬ ಕಾರ್ಯಕ್ರಮ. ಮಕ್ಕಳು ಏನು ಬೇಕಾದರೂ ಕೇಳಬಹುದು, ಯಂತ್ರವಿಲ್ಲದೆ ಚಲುವನಾರಾಯಣ ಉತ್ತರಿಸುವುದು. ತಂದೆತಾಯಂದಿರೂ ಬರುತ್ತಾರೆ. "ಹುಷಾರಿಲ್ಲ ಅಂತ ಕೇಳ್ದೆ ಸಾರ್. ಆಗದಿದ್ರೆ ಬೇಡ" ಎಂದು ಅವಳೇ ಹಿಂಜರಿದಳು.

ತಪ್ಪಿಸಿಕೊಳ್ಳಲು ಬಾಗಿಲು ಅಗಲವಾಗಿ ತೆರೆದಿತ್ತು. ಅಷ್ಟು ದಿನದ ಕಷಾಯ ಆಗ ಸಾರ್ಥಕವಾಗಬಹುದಿತ್ತು. ಆದರೆ ಕವನಾ, "ಮಾವ, ನಿಮ್ಮ ಬಗ್ಗೆ ಆಫೀಸಲ್ಲೆಲ್ಲ ಹೇಳಿದೀನಿ" ಎಂದಳು. ಚಲುವನಾರಾಯಣ ಕನ್ನಡಕ ಒರೆಸಿ, "ಬರ್ತೀನಮ್ಮ" ಎಂದುಬಿಟ್ಟರು.

ಶನಿವಾರ ಅವರಿಗೆ ಶಿಶುವಿಹಾರದಲ್ಲಿ ರಾಜಮರ್ಯಾದೆ. ಕುರ್ಚಿಯನ್ನು ಟಾಯ್ಲೆಟ್ಟಿನ ಪಕ್ಕದಲ್ಲೇ ಹಾಕಿದ್ದರು. ದಾರಿಗೆ ಅಡ್ಡವಾಗದಂತೆ ಮಕ್ಕಳ ಚಪ್ಪಲಿಗಳನ್ನು ಆಯಮ್ಮ ಒಂದೊಂದಾಗಿ ಸರಿಸಿಟ್ಟಿದ್ದಳು. ಸರಸಮ್ಮನ ಚೀಲದಲ್ಲಿ ಒಂದು ಜೊತೆ ಬದಲಿ ಪಂಚೆ. ನಂಜಮ್ಮ ಮುಂದಿನ ಸಾಲಿನಲ್ಲಿ ಮಜ್ಜಿಗೆಯ ಚೊಂಬು ಹಿಡಿದು ಕೂತಿದ್ದರು. ಕವನಾ ರಜೆ ಹಾಕಿ ಬಂದಿದ್ದಳು.

ಮೊದಲೆರಡು ಪ್ರಶ್ನೆಗೆ ಅವರು ಕನ್ನಡಕದಲ್ಲೇ ಪಾರಾದರು. ಮೂರನೆಯದಾಗಿ ಅನ್ವಿತಾ ಎದ್ದು ನಿಂತಳು. ಎಂದಿನ ಹಾಗೆ ಕಣ್ಣರಳಿಸಲಿಲ್ಲ. ಲಂಗದ ಅಂಚನ್ನು ಮುದುರುತ್ತಿದ್ದಳು.

"ತಾತ, ನೀನು ಸತ್ತೋಗ್ತೀಯಾ?"

ನಂಜಮ್ಮ ಚೊಂಬನ್ನು ಮಡಿಲಿಗೆ ಒತ್ತಿಕೊಂಡರು.

"ಯಾರು ಹೇಳಿದ್ರು ಪುಟ್ಟಿ?" ಎಂದಳು ಮಿಸ್.

"ನಿಸರ್ಗ. ಅವಳ ಮುತ್ತಜ್ಜಿಗೂ ಎಲ್ರೂ ಬ್ರೆಡ್ ತಂದ್ಕೊಟ್ರಂತೆ. ಆಮೇಲೆ ಸತ್ತೋದ್ರಂತೆ. ನಮ್ಮನೇಲಿ ಕಪಾಟು ತುಂಬ ಬ್ರೆಡ್ ಇದೆ."

ಚಲುವನಾರಾಯಣರ ಕೈ ಕನ್ನಡಕಕ್ಕೆ ಹೋಯಿತು. ಒರೆಸಲು ಪಂಚೆಯ ಅಂಚು ಸಿಗಲಿಲ್ಲ. ಮನುಷ್ಯ ಗಾಬರಿಯಾದಾಗ ಅಭ್ಯಾಸವಾದ ಕಡೆಗೇ ಕಾಲು ಎಳೆಯುತ್ತದೆ. "ಬಂದೆ ಪುಟ್ಟಿ, ಒಂದ್ನಿಮಿಷ" ಎಂದವರೇ ಟಾಯ್ಲೆಟ್ಟಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು.

ಆದರೆ ಶಿಶುವಿಹಾರದ ಟಾಯ್ಲೆಟ್ಟಿನ ಬಾಗಿಲು ಮಕ್ಕಳ ಎತ್ತರದ್ದು. ಒಳಗೆ ಮಗು ಬಿದ್ದರೆ ಆಯಮ್ಮನಿಗೆ ಕಾಣಲಿ ಎಂದು ಮಾಡಿಸಿದ್ದು. ಚಲುವನಾರಾಯಣರ ಎದೆಯಿಂದ ಮೇಲಿನದ್ದೆಲ್ಲ ಬಾಗಿಲ ಮೇಲೆ ಇಡೀ ಸಭೆಗೆ ಕಾಣುತ್ತಿತ್ತು. ಅವರಿಗೆ ಬೆನ್ನ ಹಿಂದೇನಿದೆ ಎಂಬ ಎಚ್ಚರವಿರಲಿಲ್ಲ. ಆಯಮ್ಮ ಒಳ್ಳೆಯವಳು, "ಮಕ್ಳಾ, ಎಲ್ರೂ ಆ ಕಡೆ ತಿರೀಕ್ಕಳಿ" ಎಂದು ಕೂಸುಗಳನ್ನು ಗೋಡೆಯ ಕಡೆ ತಿರುಗಿಸಿದಳು. ದೊಡ್ಡವರನ್ನು ತಿರುಗಿಸಲು ಯಾರೂ ಇರಲಿಲ್ಲ. ಚಲುವನಾರಾಯಣ ನಲ್ಲಿ ತಿರುಗಿಸಿದರು. ಶನಿವಾರ ಆ ಬೀದಿಗೆ ನೀರು ಬಿಡುವ ದಿನವಲ್ಲ, ನಲ್ಲಿ ಒಣಗಿತ್ತು. ಅವಸರದ ಬೆರಳು ಎಲ್ಲಿ ಒತ್ತಿತೋ, ಫೋನಿನ ದನಿ ಧ್ವನಿವರ್ಧಕದ ಹಾಗೆ ಮೊಳಗಿತು.

"ನೋಡಮ್ಮ, ಐದು ವರ್ಷದ ಮಗು. ತಾತ ಸತ್ತೋಗ್ತಾರಾ ಅಂತ ಕೇಳ್ತಿದೆ. ಏನು ಹೇಳ್ಲಿ ತಾಯಿ? ಬೇಗ ಹೇಳು."

"ಇದು ತುಂಬಾ ಸೂಕ್ಷ್ಮವಾದ, ಅದ್ಭುತವಾದ ಪ್ರಶ್ನೆ" ಎಂದಿತು ಎಐ, ಇಡೀ ಕೋಣೆಗೆ ಕೇಳುವಂತೆ. "ಇಂಥ ಪ್ರಶ್ನೆಗೆ ನನಗಿಂತ ಮಗುವಿನ ಪ್ರೀತಿಯ ಹಿರಿಯರು ಉತ್ತರಿಸುವುದು ಒಳ್ಳೆಯದು. ಮನೆಯಲ್ಲಿ ತಾತ ಇದ್ದಾರೆಯೇ? ದಯವಿಟ್ಟು ಅವರನ್ನೇ ಕೇಳಿ."

"ತಾತ ನಾನೇ ಕಣಮ್ಮಾ!" ಎಂದು ಚಲುವನಾರಾಯಣ ಕೂಗಿಕೊಂಡರು.

"ಹಾಗಿದ್ದರೆ ಅದ್ಭುತ!" ಎಂದಿತು ಎಐ.

ಅವರು ತಿರುಗಿದರು. ಎದುರಿಗೆ ಇಡೀ ಸಭೆ. ಕವನಾಳ ಕೈ ಬಾಯಿಯ ಮೇಲಿತ್ತು. ಸರಸಮ್ಮನ ಕೈಯಲ್ಲಿ ಬದಲಿ ಪಂಚೆ ಆಗಲೇ ಬಿಚ್ಚಿಕೊಂಡಿತ್ತು. ನಂಜಮ್ಮ ಮೊದಲು ಫೋನು ನೋಡಿದರು, ಆಮೇಲೆ ಮೇಷ್ಟ್ರನ್ನು ನೋಡಿದರು, ಆಮೇಲೆ ಚೊಂಬನ್ನು ಎತ್ತಿ ಆ ಮಜ್ಜಿಗೆಯನ್ನು ತಾವೇ ಕುಡಿದುಬಿಟ್ಟರು.

ಚಲುವನಾರಾಯಣ ಆ ಕುಳ್ಳು ಬಾಗಿಲು ತೆರೆದು ಹೊರಬಂದರು. ದೊಡ್ಡ ಕುರ್ಚಿ ಬಿಟ್ಟು ಮಕ್ಕಳ ಕುರ್ಚಿಯ ಮೇಲೆ ಕೂತರು. ಮಂಡಿ ಗಲ್ಲಕ್ಕೆ ಬಂತು. ಮೊಮ್ಮಗಳು ಹತ್ತಿರ ಬಂದು ನಿಂತಳು.

"ಪುಟ್ಟಿ, ಎಲ್ರೂ ಯಾವತ್ತೋ ಒಂದಿನ ಸಾಯ್ತಾರೆ. ನಾನೂ. ಆದ್ರೆ ಈಗ ಅಲ್ಲ. ಯಾವತ್ತು ಅಂತ ನಂಗೆ ಗೊತ್ತಿಲ್ಲ. ಈ ಫೋನಿಗೂ ಗೊತ್ತಿಲ್ಲ."

"ಹೊಟ್ಟೆನೋವು?"

"ಇಲ್ಲ."

"ಮತ್ತೆ ಬಾತ್‌ರೂಮಿಗೆ ಯಾಕೆ ಓಡ್ತಿದ್ದೆ?"

"ಇದನ್ನ ಕೇಳಕ್ಕೆ. ನೀನು ಕೇಳಿದ್ದಕ್ಕೆಲ್ಲ ಉತ್ತರ ಇದು ಹೇಳ್ತಿತ್ತು."

"ಎಳನೀರಿಂದು?"

"ನಂಗೆ ಗೊತ್ತಿರ್ಲಿಲ್ಲ."

"ಬಳ್ಳಿದು?"

"ಅದೂ."

"ಹಲ್ಲಿದು? ಬ್ರೆಡ್ ತೂತಿಂದು?"

"ಯಾವುದೂ ಗೊತ್ತಿರ್ಲಿಲ್ಲ ಕಣೇ."

ಮುದುರಿದ್ದ ಲಂಗದ ಅಂಚು ಮಗುವಿನ ಕೈಯಿಂದ ಜಾರಿತು. ಮುಖ ಸೂರ್ಯಕಾಂತಿಯ ಹಾಗೆ ಅರಳಿತು. ಅವಳು ಸಭೆಯ ಕಡೆ ತಿರುಗಿ, ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗಿದಳು:

"ನಮ್ ತಾತಂಗೆ ಏನೂ ಆಗಿಲ್ಲ! ತಾತಂಗೆ ಏನೂ ಗೊತ್ತಿಲ್ಲ, ಅಷ್ಟೇ!"

ಅಂದು ಬಿದ್ದ ಚಪ್ಪಾಳೆ ಭಾಷಣಕ್ಕೆ ಬಿದ್ದದ್ದಕ್ಕಿಂತ ಜೋರಾಗಿತ್ತು ಎಂದು ನಂಜಮ್ಮ ಈಗಲೂ ಹೇಳುತ್ತಾರೆ. ಗೋಡೆಯ ಕಡೆ ತಿರುಗಿ ನಿಂತಿದ್ದ ಮಕ್ಕಳೂ, ಯಾಕೆಂದು ತಿಳಿಯದೆ, ಗೋಡೆಗೇ ಚಪ್ಪಾಳೆ ತಟ್ಟಿದವು.

ಆಟೋದಲ್ಲಿ ಹಿಂದಿರುಗುವಾಗ ಚಲುವನಾರಾಯಣ ಸೊಸೆಯ ಮುಖ ನೋಡಲಾರದೆ ಆಟೋದವನ ಬೆನ್ನು ನೋಡುತ್ತ ಕೂತಿದ್ದರು. ಬಸ್‌ಸ್ಟ್ಯಾಂಡು ದಾಟಿದ ಮೇಲೆ ಕವನಾ ಕಿಟಕಿಯಾಚೆ ನೋಡುತ್ತಲೇ ಅಂದಳು:

"ಮಾವ, ಮಗುಗೆ ಮಲಗೋವಾಗ ನಾನು ದಿನಾ ಒಂದು ಕಥೆ ಹೇಳ್ತೀನಲ್ಲ."

"ಹೂಂನಮ್ಮ. ಚೆನ್ನಾಗಿರುತ್ತೆ."

"ಅದು ನಂದಲ್ಲ. ಹಾಸನದಿಂದ ಬರೋವಾಗ ಬಸ್ಸಲ್ಲಿ ಆ ಎಐನೇ ಕೇಳ್ಕೊಂಡು ಬರ್ತೀನಿ."

ಚಲುವನಾರಾಯಣ ಮೆಲ್ಲನೆ ತಿರುಗಿ ನೋಡಿದರು. ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಸರಸಮ್ಮ ಬದಲಿ ಪಂಚೆಯನ್ನು ಮತ್ತೆ ಮಡಿಸುತ್ತ, "ನಿಮ್ಮ ಹೊಟ್ಟೆಗೆ ಏನಾಗಿದೆ ಅಂತ ನಾನೂ ಅದನ್ನೇ ಕೇಳಿದ್ದು ಕಣ್ರೀ, ಮಗು ಮಲಗಿದಾಗ ಕವನಾಳ ಫೋನಲ್ಲಿ" ಎಂದರು. "ಅದ್ಭುತ ಪ್ರಶ್ನೆ ಅಂತು. ಆಮೇಲೆ ಉಸಿರು ಬಿಡದೆ ಕಾಯಿಲೆ ಹೇಳ್ತಾ ಹೋಯ್ತು. ನಂಗೆ ಎಷ್ಟು ದಿನದಿಂದ ಅನ್ನ ಇಳಿದಿಲ್ಲ ಗೊತ್ತಾ?"

ಇದನ್ನು ಕೇಳಿ ಚಲುವನಾರಾಯಣರಿಗೆ ನಿಜವಾಗಿ ನೋವಾದದ್ದು ಒಂದೇ ಕಾರಣಕ್ಕೆ: ಅದು ಎಲ್ಲರ ಪ್ರಶ್ನೆಯನ್ನೂ ಅದ್ಭುತ ಅನ್ನುತ್ತಿತ್ತು. ಆದರೆ ಕೂಡಲೇ ಹೆಂಡತಿಯ ಕೈಯ ಬಳೆ ಮೊಳಕೈಯವರೆಗೆ ಜಾರಿರುವುದು ಕಣ್ಣಿ‌ಗೆ ಬಿತ್ತು. ಅವರು ಆ ಪಂಚೆಯನ್ನು ತಾವೇ ತೆಗೆದುಕೊಂಡು ಮಡಿಸಿದರು. ಸರಿಯಾಗಿ ಬರಲಿಲ್ಲ. ಸರಸಮ್ಮ ಬಿಡಿಸಿ ಮತ್ತೆ ಮಡಿಸಲಿಲ್ಲ.

ಮರುದಿನ ಆ ಮನೆಯಲ್ಲಿ ಹಬ್ಬ. ಉದ್ದಿನ ವಡೆ, ಹಸಿಮೆಣಸಿನಕಾಯಿ ಚಟ್ನಿ, ಲೋಟದ ಮೇಲೆ ಲೋಟ ಕಾಫಿ. ಕಪಾಟಿನ ತುಂಬ ಇದ್ದ ಬ್ರೆಡ್ಡನ್ನು ಎಸೆಯಲು ಮನಸ್ಸಾಗದೆ ಸರಸಮ್ಮ ತುಪ್ಪದಲ್ಲಿ ಹುರಿದು ಸಕ್ಕರೆ ಪಾಕಕ್ಕೆ ಹಾಕಿದ್ದರು. ತಿಂಗಳುಗಟ್ಟಲೆ ಉಪವಾಸವಿದ್ದವರ ಹಾಗೆ ಚಲುವನಾರಾಯಣ ಎಲ್ಲವನ್ನೂ ತಿಂದರು.

ಮಧ್ಯಾಹ್ನ ಅನ್ವಿತಾ ಅವರ ತೊಡೆಯ ಮೇಲೆ ಕೂತು, "ತಾತ, ವಡೆಗೆ ಮಾತ್ರ ಯಾಕೆ ಮಧ್ಯದಲ್ಲಿ ತೂತು?" ಎಂದಳು. ಅವರು ಎದೆಯುಬ್ಬಿಸಿ, "ಗೊತ್ತಿಲ್ಲ! ಬಾ, ಅಜ್ಜಿನ ಕೇಳೋಣ" ಎನ್ನಲು ಬಾಯಿ ತೆರೆದರು. ಆಗ ಹೊಟ್ಟೆಯೊಳಗೆ ಏನೋ ಗುಡುಗುಡು ಎಂದಿತು. ಡಾಕ್ಟರು ಮೆಚ್ಚಿದ್ದ ಹೊಟ್ಟೆ ಕೊನೆಗೂ ಊರಿನ ಮಾತನ್ನು ಉಳಿಸಲು ನಿರ್ಧರಿಸಿತ್ತು. "ಬಂದೆ ಪುಟ್ಟಿ, ಒಂದ್ನಿಮಿಷ" ಎಂದು ಅವರು ಹಿತ್ತಲಿಗೆ ಓಡಿದರು.

"ಫೋನು ಇಲ್ಲಿಟ್ಟು ಹೋಗಿ!" ಎಂದು ಸರಸಮ್ಮ ಒಳಗಿನಿಂದ ಕೂಗಿದರು.

"ಅಪ್ಪ, ಸ್ವಂತವಾಗಿ ಯೋಚನೆ ಮಾಡಿ!" ಎಂದ ಊಟಕ್ಕೆ ಬಂದಿದ್ದ ಸುದರ್ಶನ್.

ಗೋಡೆಯಾಚೆಯಿಂದ ನಂಜಮ್ಮ, "ಏನ್ ಮೇಷ್ಟ್ರೇ, ಇವತ್ತು ಯಾವ ಪ್ರಶ್ನೆ?" ಎಂದು ನಗುತ್ತಿದ್ದರು. ಒಳಗಿನಿಂದ ಬಂದ ಉತ್ತರ ಕೇಳಿದ ಮೇಲೆ ನಗು ನಿಂತಿತು. ಸ್ವಲ್ಪ ಹೊತ್ತಿಗೆ ಬಚ್ಚಲ ಕಿಂಡಿಯ ಕಟ್ಟೆಯ ಮೇಲೆ ಅವರ ಕೈ ಮಾತ್ರ ಕಾಣಿಸಿಕೊಂಡು ಒಂದು ಚೊಂಬು ಮೆಂತ್ಯದ ಮಜ್ಜಿಗೆ ಇಟ್ಟು ಹೋಯಿತು.

ಚಲುವನಾರಾಯಣ ಎರಡೂ ಕೈಯಿಂದ ಹೊಟ್ಟೆ ಹಿಡಿದು ಕೂತಿದ್ದರು. ಬಾಗಿಲ ಮೇಲೆ ಪುಟ್ಟ ಗೆಣ್ಣಿನ ಟಕ್ ಟಕ್ ಕೇಳಿಸಿತು.

"ತಾತ," ಎಂದಿತು ಹೊರಗಿನ ದನಿ, ಯಾರಿಗೂ ಕೇಳದಂತೆ ಪಿಸುಗುಟ್ಟುತ್ತ. "ಗೊತ್ತಿಲ್ದಿದ್ರೂ ಪರವಾಗಿಲ್ಲ. ಆಚೆ ಬಾ."